ಕ್ವಾರಿಯ ನೀರು, ಪೀಣ್ಯದ ಗಾಳಿ

ನಾನು ನಿಂತಿದ್ದದ್ದು ಜಿಗಣಿಯಿಂದ ಆಚೆ, ಕೆಲಸ ನಿಂತು ನೀರು ತುಂಬಿಕೊಂಡಿದ್ದ ಒಂದು ಕಲ್ಲುಕ್ವಾರಿಯ ಪೂರ್ವದ ಅಂಚಿನಲ್ಲಿ, ನೀರಿನಿಂದ ಒಂದಾಳು ಎತ್ತರದ ಬಂಡೆಯ ಮೇಲೆ. ತೊಂಬತ್ತೇಳನೆಯ ಇಸವಿ, ನವೆಂಬರ್ ತಿಂಗಳ ಒಂದು ಭಾನುವಾರ. ಗಡಿಯಾರ ಹತ್ತೂ ಇಪ್ಪತ್ತು ತೋರಿಸುತ್ತಿತ್ತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಗಡಿಯಾರ ನೋಡುವುದೇ ಅಂದು ನನ್ನ ಕೆಲಸ. ನೀರಿಗಿಳಿದವರು ಎಷ್ಟು ನಿಮಿಷ ಕೆಳಗಿದ್ದಾರೆಂದು ಒಂದು ರಟ್ಟಿನ ಮೇಲೆ ಬರೆಯುತ್ತಿದ್ದೆ. ಹದಿನಾಲ್ಕು ಎಂದು ಬರೆದು ತಲೆಯೆತ್ತಿದೆ. ಅದುವರೆಗೆ ಎರಡು ಕಡೆ ಏಳುತ್ತಿದ್ದ ಗುಳ್ಳೆಗಳು ಒಂದೇ ಕಡೆ ಏಳುತ್ತಿದ್ದವು.

ಇಬ್ಬರೂ ಹತ್ತಿರ ಬಂದಿರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆ ಸ್ವಲ್ಪ ಹೊತ್ತು ಎಷ್ಟು ಎಂದು ನಾನು ಅಳೆಯಲಿಲ್ಲ. ಆಮೇಲೆ, ನಮಗೆ ಮುಳುಗುವುದನ್ನು ಕಲಿಸುತ್ತಿದ್ದ ಫ್ರಾನ್ಸಿಸ್ ಮೇಲೆ ಬಂದರು. ಅವರ ಎಡತೋಳಿನಲ್ಲಿ ನಮ್ಮ ಕಾರ್ಖಾನೆಯ ಟೆಸ್ಟಿಂಗ್ ಸಾರ್ ಇದ್ದರು. ಉಸಿರಿನ ಕೊಳವೆ ಬಾಯಿಂದ ಜಾರಿತ್ತು. ಕಣ್ಣು ತೆರೆದೇ ಇದ್ದವು, ಆದರೆ ನೋಡುತ್ತಿರಲಿಲ್ಲ.

ಅವರು ಅಂದು ಸಾಯಲಿಲ್ಲ. ಸತ್ತದ್ದು ಹೋದ ತಿಂಗಳು, ಹಾವೇರಿಯ ತಮ್ಮ ಮನೆಯಲ್ಲಿ, ವಯಸ್ಸಾಗಿ. ಗಣಾರಾಧನೆಗೆ ಹೋಗಿದ್ದೆ. ಊಟದ ಸಾಲಿನಲ್ಲಿ ನಮ್ಮ ಹಳೆಯ ಕಾರ್ಖಾನೆಯವರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ಸಮುದ್ರ, ಹವಳ ಅಂತ ವರ್ಷಗಟ್ಟಲೆ ನಮ್ ತಲೆ ತಿಂದ್ರು ಕಣ್ರೀ. ಕೊನೇಗ್ ಹೊರಡೋ ಟೈಮಲ್ಲಿ ಹೆದರ್ಕೊಂಡ್ಬಿಟ್ರು, ಪಾಪ." ಇಬ್ಬರೂ ನಕ್ಕರು. ನನ್ನ ಎಲೆಗೆ ಆಗತಾನೇ ಹುಗ್ಗಿ ಬಡಿಸುತ್ತಿದ್ದರು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೀಣ್ಯದ ಎರಡನೆಯ ಹಂತದಲ್ಲಿ, ಸುಣ್ಣ ಕಾಣದ ಒಂದು ಶೆಡ್ಡಿನಲ್ಲಿ ನಮ್ಮ ಕೆಲಸ. ಆಸ್ಪತ್ರೆಗಳ, ವೆಲ್ಡಿಂಗ್ ಅಂಗಡಿಗಳ, ಕಾರ್ಖಾನೆಗಳ ಗ್ಯಾಸ್ ಸಿಲಿಂಡರುಗಳು ಕೆಲವು ವರ್ಷಕ್ಕೊಮ್ಮೆ ಪರೀಕ್ಷೆಗೆ ಬರುತ್ತಿದ್ದವು. ಸಿಲಿಂಡರಿಗೆ ನೀರು ತುಂಬಿ, ಪಂಪಿನಿಂದ ಒತ್ತಡ ಕೊಟ್ಟು, ಅದು ಎಷ್ಟು ಹಿಗ್ಗಿತು, ಒತ್ತಡ ಬಿಟ್ಟ ಮೇಲೆ ಮತ್ತೆ ಮೊದಲಿನಂತಾಯಿತೇ ಎಂದು ನೋಡುವುದು. ಪಾಸಾದರೆ ಕತ್ತಿನ ಮೇಲೆ ಗುರುತು ಬಡಿಯುವುದು. ಆ ಗುರುತಿನ ಅಚ್ಚು ಟೆಸ್ಟಿಂಗ್ ಸಾರ್ ಅವರ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು, ಮನೆಗೂ ಹೋಗಿ ಬರುತ್ತಿತ್ತು. ನಾನು ಅದೇ ಶೆಡ್ಡಿನಲ್ಲಿ ಡ್ರಾಫ್ಟ್ಸ್‌ಮನ್. ಸರ್ಟಿಫಿಕೇಟುಗಳನ್ನು ಅಂದವಾದ ಅಕ್ಷರದಲ್ಲಿ ತುಂಬುವುದೂ ನನ್ನ ಪಾಲಿಗೆ ಬಂದಿತ್ತು.

ಅವರಿಗೆ ನನ್ನ ಅಕ್ಷರ ಇಷ್ಟ, ತಪ್ಪು ಮುಚ್ಚುವ ನನ್ನ ಬಿಳಿ ಶಾಯಿ ಇಷ್ಟವಿರಲಿಲ್ಲ. ಮೊದಲ ವಾರವೇ ಆ ಬಾಟಲಿಯನ್ನು ಮೇಜಿನಿಂದ ತೆಗೆದು ಕಸದ ಬುಟ್ಟಿಗೆ ಹಾಕಿದರು.

"ತಪ್ಪಾದ್ರ ಒಂದ ಗೆರಿ ಹೊಡೀರಿ. ಕೆಳಗಿಂದು ಓದಾಕ ಬರಬೇಕು. ಬಾಜೂಕ ಖರೇದು ಬರದು ಸಹಿ ಮಾಡ್ರಿ. ಮುಚ್ಚಿದ ತಪ್ಪಿಗೆ ಸಿಲಿಂಡರ್ ಹೆಂಗ ಒಡೀತದ, ಗೊತ್ತೇನ್ರಿ?"

ಗೊತ್ತಿರಲಿಲ್ಲ. ಅವರು ಹೇಳಲೂ ಇಲ್ಲ. ಅವರ ಎಡಗೈಯ ಎರಡು ಬೆರಳಿಗೆ ತುದಿ ಇರಲಿಲ್ಲ. ಅದನ್ನೇ ಉತ್ತರವೆಂದು ತೆಗೆದುಕೊಂಡೆ.

ಯಾವ ಸಿಲಿಂಡರಿನ ಪಕ್ಕ ಹಾದುಹೋದರೂ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ಕಿವಿ ಕೊಡುತ್ತಿದ್ದರು. ಮದುವೆಮನೆಯಲ್ಲಿ ಅಡಿಗೆಯವರ ಗ್ಯಾಸಿಗೂ ಹಾಗೆ ಮಾಡಿದ್ದನ್ನು ಕಂಡಿದ್ದೇನೆ. ಹೊಸ ಬಗೆಯ ಸಿಲಿಂಡರ್ ಮೊದಲ ಸಲ ಒತ್ತಡಕ್ಕೆ ಬಂದಾಗ ಎಲ್ಲರನ್ನೂ ಗೋಡೆಯ ಹಿಂದೆ ಕಳಿಸಿ ತಾವೊಬ್ಬರೇ ಪಂಪಿನ ಹತ್ತಿರ ನಿಲ್ಲುತ್ತಿದ್ದರು. ಅದಕ್ಕೆ ಯಾವ ವಿವರಣೆಯನ್ನೂ ಕೊಡುತ್ತಿರಲಿಲ್ಲ. ಊಟದ ಸಮಯದಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನಮ್ಮ ಅನ್ನ ಸಾರಿನ ಡಬ್ಬಿ ನೋಡಿ "ಮತ್ತ ನೀರ ಕುಡಿಯಾಕತ್ತೀರಿ" ಎನ್ನುತ್ತಿದ್ದರು.

ಫ್ರಾನ್ಸಿಸ್ ಬಂದದ್ದು ತೊಂಬತ್ತೊಂದರಲ್ಲಿ. ಮಂಗಳೂರಿನ ಕಡೆಯವರು, ನೌಕಾಪಡೆಯಲ್ಲಿ ಮುಳುಗುವ ಕೆಲಸ ಮಾಡಿ ನಿವೃತ್ತರಾಗಿ, ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಸೆಕ್ಯುರಿಟಿ ಆಫೀಸರ್ ಆಗಿದ್ದರು. ತಮ್ಮ ಎರಡು ಸಣ್ಣ ಸಿಲಿಂಡರುಗಳನ್ನು ಪರೀಕ್ಷೆಗೆ ತಂದಿದ್ದರು. ಇವು ಯಾವುದಕ್ಕೆ ಎಂದು ಸಾರ್ ಕೇಳಿದರು. ಬೆನ್ನಿಗೆ ಕಟ್ಟಿಕೊಂಡು ಸಮುದ್ರದೊಳಗೆ ಉಸಿರಾಡಲಿಕ್ಕೆ ಎಂದು ಫ್ರಾನ್ಸಿಸ್ ಹೇಳಿದರು. ಹೇಳಿದವರು ಅಲ್ಲಿಗೆ ನಿಲ್ಲಿಸದೆ, ಮಾಲ್ಡೀವ್ಸಿನ ಹವಳದ ದಿಬ್ಬಗಳ ಮಾತೆತ್ತಿದರು: ಕಲ್ಲಿನ ಹಾಗೆ ಕಾಣುತ್ತದೆ, ಆದರೆ ಜೀವ ಇದೆ, ಬೆಳೆಯುತ್ತದೆ, ಹಡಗಿನಲ್ಲೇ ಎಂಟು ದಿನ ಇದ್ದು, ಅಲ್ಲೇ ಉಂಡು ಮಲಗಿ, ದಿನಕ್ಕೆ ಮೂರು ಸಲ ಮುಳುಗಿ ನೋಡುವವರಿದ್ದಾರೆ.

"ದಿನಕ್ಕ ಮೂರು ಶಿಫ್ಟು" ಎಂದರು ಸಾರ್.

"ಹೌದು ಮಾರಾಯ್ರೆ. ಓವರ್‌ಟೈಮ್ ಸಹ ಉಂಟು, ಬೇಕಾದ್ರೆ."

ಸಾರ್ ನಗಲಿಲ್ಲ. ಆ ಸಣ್ಣ ಸಿಲಿಂಡರನ್ನು ಗೆಣ್ಣಿನಿಂದ ಬಡಿದು ಕೇಳಿದರು. ಆಮೇಲೆ ಹೇಳಿದ್ದು ನನಗೆ ಪದಶಃ ನೆನಪಿದೆ: "ಇಷ್ಟ ವರ್ಷ ನೀರನ್ನ ಸಿಲಿಂಡರಿನೊಳಗ ಹಾಕಿ ಒತ್ತೇನ್ರಿ. ಒಮ್ಮೆ ಸಿಲಿಂಡರ್ ತಗೊಂಡು ನಾನ ನೀರಿನೊಳಗ ಹೋಗಬೇಕು."

ಅವರು ಅದುವರೆಗೆ ಸಮುದ್ರವನ್ನೇ ನೋಡಿರಲಿಲ್ಲ. ಆಗ ನಲವತ್ತು ದಾಟಿತ್ತು.

ಅಲ್ಲಿಂದ ಆರು ವರ್ಷ ತಯಾರಿ. ಟ್ರೇಸಿಂಗ್ ಹಾಳೆಯ ಮೇಲೆ ನನ್ನಿಂದಲೇ ಒಂದು ಪಟ್ಟಿ ಬರೆಸಿದರು. ಈಜು ಕಲಿಯುವುದು, ಪಾಸ್‌ಪೋರ್ಟ್, ಮುಳುಗುವ ತರಬೇತಿ, ಹಡಗಿನವರ ಜೊತೆ ಪತ್ರವ್ಯವಹಾರ, ರಜೆ. ಒಂದೊಂದು ಮುಗಿದಾಗಲೂ ಅದರ ಮುಂದೆ ಸಹಿ. ಈಜನ್ನು ಮಲ್ಲೇಶ್ವರದ ಕೊಳದಲ್ಲಿ, ಶಾಲೆಯ ಮಕ್ಕಳ ಜೊತೆ, ಸೊಂಟಕ್ಕೆ ಟ್ಯೂಬ್ ಕಟ್ಟಿಕೊಂಡು ಕಲಿತರು. ದಾಸರಹಳ್ಳಿಯ ಟೆಲಿಫೋನ್ ಬೂತಿಗೆ ಹಡಗಿನವರ ಫ್ಯಾಕ್ಸ್ ಬಂದರೆ, ಆ ಕಾಗದದ ಅಕ್ಷರ ಮಾಸಿಹೋಗುತ್ತದೆಂದು ಅಲ್ಲೇ ಝೆರಾಕ್ಸ್ ಮಾಡಿಸಿ ಎರಡನ್ನೂ ಫೈಲಿಗೆ ಹಾಕುತ್ತಿದ್ದರು. ಎಂಟು ದಿನಕ್ಕೆ ಎಷ್ಟು ಖಡಕ್ ರೊಟ್ಟಿ ಬೇಕು ಎಂಬ ಲೆಕ್ಕವೂ ಆ ಫೈಲಿನಲ್ಲಿತ್ತು.

ಪಾಸ್‌ಪೋರ್ಟಿನ ವಿಚಾರಣೆಗೆ ಮನೆಗೆ ಬಂದ ಪೊಲೀಸಿನವನು ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದನಂತೆ. ನೀರಿನೊಳಗೆ ಮುಳುಗಲಿಕ್ಕೆ ಎಂದರಂತೆ ಇವರು. "ಅದಕ್ಕ್ಯಾಕ್ ಸಾರ್ ಪಾಸ್‌ಪೋರ್ಟು? ಹೆಸರಘಟ್ಟ ಕೆರೆ ಇದ್ಯಲ್ಲ" ಎಂದು ಆತ ಕಾಫಿ ಕುಡಿದು ಹೋದನಂತೆ. ಇದು ಅವರ ಹೆಂಡತಿ ಗಿರಿಜಕ್ಕ ಹೇಳಿದ್ದು.

ಇನ್ನೊಂದು ತೊಡಕು ಅವರೊಬ್ಬರದೇ ಆಗಿತ್ತು. ಅವರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಅದನ್ನು ಮೈಯಿಂದ ತೆಗೆದಿಡುವ ಮಾತೇ ಇಲ್ಲ. ಆದರೆ ಅಷ್ಟು ಆಳದಲ್ಲಿ ಅದನ್ನಿಡುವ ಬೆಳ್ಳಿಯ ಕರಡಿಗೆಯೊಳಗೆ ಉಪ್ಪುನೀರು ನುಗ್ಗಿದರೆ ಲಿಂಗದ ಮೇಲಿನ ಕಪ್ಪು ಲೇಪ, ಕಂತಿ, ಉಳಿಯುವುದಿಲ್ಲ. ಊರಿನ ಮಠಕ್ಕೆ ಕಾಗದ ಬರೆದು ಕೇಳಿದರು. ಮೂರು ತಿಂಗಳು ಕಾದರೂ ಉತ್ತರ ಬರಲಿಲ್ಲ. ಕೊನೆಗೆ ತಾವೇ ಲೇತಿನ ಮುಂದೆ ನಿಂತು ಸ್ಟೀಲಿನಲ್ಲಿ ಒಂದು ಗುಂಡು ಡಬ್ಬಿ ಮಾಡಿಸಿ, ಮುಚ್ಚಳಕ್ಕೆ ರಬ್ಬರಿನ ಬಳೆ ಕೂರಿಸಿ, ಒಳಗೆ ಒಣಗಿದ ಕಾಗದ ಇಟ್ಟು, ಪಂಪಿನಲ್ಲಿ ಅರ್ಧ ಗಂಟೆ ಒತ್ತಡ ಕೊಟ್ಟರು. ಕಾಗದ ಒಣಗಿಯೇ ಇತ್ತು. ನನ್ನಿಂದ ಸರ್ಟಿಫಿಕೇಟ್ ಬರೆಸಿ ಸಹಿ ಹಾಕಿ ಮನೆಗೆ ಒಯ್ದರು. "ದೇವರಿಗೂ ಸರ್ಟಿಫಿಕೇಟ್ ಕೊಟ್ಟ್ರೇನ್ರಿ?" ಎಂದರಂತೆ ಗಿರಿಜಕ್ಕ. "ದೇವರಿಗಲ್ಲ, ಡಬ್ಬಿಗೆ" ಎಂದರಂತೆ ಇವರು.

ತೊಂಬತ್ತೇಳರ ಹೊತ್ತಿಗೆ ಎಲ್ಲ ಕೂಡಿಬಂದಿತ್ತು. ಹೊರಡುವವರು ಮೂವರು: ಸಾರ್, ಫ್ರಾನ್ಸಿಸ್, ನಾನು. ತೊಂಬತ್ತೆಂಟರ ಫೆಬ್ರವರಿಗೆ ಹಡಗಿನಲ್ಲಿ ಜಾಗ ಹಿಡಿದಾಗಿತ್ತು. ನಾನು ಹೇಗೆ ಸೇರಿಕೊಂಡೆ ಎಂದರೆ, ಪಟ್ಟಿ ಬರೆದು ಬರೆದು. ಫ್ರಾನ್ಸಿಸ್ ನಮಗಿಬ್ಬರಿಗೂ ಜಿಗಣಿಯ ಕ್ವಾರಿಯಲ್ಲಿ ಭಾನುವಾರಗಳಂದು ತರಬೇತಿ ಕೊಡುತ್ತಿದ್ದರು. ಒಬ್ಬೊಬ್ಬರನ್ನೇ ಕರೆದುಕೊಂಡು ಇಳಿಯುವುದು ಅವರ ಪದ್ಧತಿ, ಏಕೆಂದರೆ ಇದ್ದದ್ದು ಎರಡೇ ಸಿಲಿಂಡರು.

ಅವಕ್ಕೆ ಗಾಳಿ ತುಂಬುವುದು ಕಷ್ಟವಾಗಿತ್ತು. ಆಗ ಬೆಂಗಳೂರಿನಲ್ಲಿ ಉಸಿರಾಟದ ಗಾಳಿ ತುಂಬಿಕೊಡುವವರು ನಮಗಂತೂ ಸಿಕ್ಕಿರಲಿಲ್ಲ. ನಮ್ಮ ಶೆಡ್ಡಿನಲ್ಲಿ ಸೋರಿಕೆ ಪರೀಕ್ಷೆಗೆಂದು ಇಟ್ಟಿದ್ದ ದೊಡ್ಡ ಒತ್ತಡದ ಕಂಪ್ರೆಸರ್ ಇತ್ತು. ಅದರ ಎಣ್ಣೆಯ ವಾಸನೆಗೆ ಏನು ಮಾಡುತ್ತೀರಿ ಎಂದು ಫ್ರಾನ್ಸಿಸ್ ಕೇಳಿದಾಗ ಸಾರ್ ಒಂದು ಫಿಲ್ಟರ್ ಮಾಡಿದರು. ಮೊಳದುದ್ದದ ಉಕ್ಕಿನ ಕೊಳವೆ, ಒಳಗೆ ಇದ್ದಿಲು, ತೇವ ಹೀರುವ ಹರಳು, ಮತ್ತೆ ಇದ್ದಿಲು. ಗಾಳಿ ಅದರೊಳಗಿಂದ ಹೊರಬಂದರೆ ಏನೂ ವಾಸನೆ ಇರುತ್ತಿರಲಿಲ್ಲ. ಫ್ರಾನ್ಸಿಸ್ ಮೂಗಿಟ್ಟು ನೋಡಿ, "ನಮ್ಮ ಮನೆ ಗಾಳಿಗಿಂತ ಒಳ್ಳೇದುಂಟು" ಎಂದಿದ್ದರು.

ಈಗ ಆ ಭಾನುವಾರದ ಹಿಂದಿನ ಶನಿವಾರ. ನಾನು ಕಂಪ್ರೆಸರ್ ಕೋಣೆಯ ಬಾಗಿಲಲ್ಲಿ ನಿಂತಿದ್ದೆ, ಕೈಯಲ್ಲಿ ಚಹಾ ಲೋಟ. ಆಗೆಲ್ಲ ವಾರಕ್ಕೊಂದು ದಿನ ನಮ್ಮ ಸಾಲಿಗೆ ಕರೆಂಟ್ ಇರುತ್ತಿರಲಿಲ್ಲ. ಅಂದು ಆ ದಿನ. ಒಂದು ಸಿಲಿಂಡರನ್ನು ಮಂಗಳವಾರವೇ ತುಂಬಿಯಾಗಿತ್ತು, ಇನ್ನೊಂದು ಬಾಕಿ. ಡೀಸೆಲ್ ಜನರೇಟರ್ ಹಾಕಿ ತುಂಬೋಣ ಎಂದರು ಸಾರ್. ಜನರೇಟರ್ ಹಿತ್ತಿಲಿನಲ್ಲಿತ್ತು. ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿಯೂ ಅದೇ ಹಿತ್ತಿಲಿಗೆ ತೆರೆದಿತ್ತು.

ಕಂಪ್ರೆಸರ್ ನೋಡಿಕೊಳ್ಳುತ್ತಿದ್ದವನು ಮುನಿರಾಜು. ಅತ್ತಿಬೆಲೆಯವನು, ಸುಮಾರು ನನ್ನದೇ ವಯಸ್ಸು, ಮೂವತ್ತೈದರ ಆಸುಪಾಸು. ಅವನು ಒಳಗೆ ಬಂದು ಹೀಗೆ ಕೇಳಿದ:

"ಸಾ, ಜನರೇಟ್ರು ಒಗೆ ಇತ್ಲಾಗೇ ಬತ್ತಾ ಐತೆ. ಪೈಪ್‌ಗೆ ಒಂದ್ ರಬ್ಬರ್ ಓಸು ಸಿಗ್ಸಿ ರೋಡ್ ಕಡೀಕ್ ಬುಟ್ಬುಡ್ಲಾ?"

"ಬ್ಯಾಡೋ. ಫಿಲ್ಟರ್ ಐತಲ್ಲ."

"ಅಂಗಲ್ಲ ಸಾ..."

"ಮುನಿರಾಜು, ಹತ್ತ ನಿಮಿಷದ ಕೆಲಸ. ಹಾಕು."

ನಾನು ಇದನ್ನು ಪೂರ್ತಿ ಕೇಳಿಸಿಕೊಂಡೆ. ನನಗೂ ಫಿಲ್ಟರ್ ಇದೆಯಲ್ಲ ಎನ್ನಿಸಿತು. ಚಹಾ ಮುಗಿಸಿ ಹೋದೆ.

ಇದ್ದಿಲು ಹೊಗೆಯ ವಾಸನೆಯನ್ನು ತೆಗೆಯುತ್ತದೆ. ಹೊಗೆಯ ಜೊತೆ ಬರುವ ವಿಷಾನಿಲವನ್ನು ತೆಗೆಯುವುದಿಲ್ಲ. ಅದಕ್ಕೆ ತನ್ನದೇ ವಾಸನೆ ಇಲ್ಲ. ಇದನ್ನು ನಾವು ಆಸ್ಪತ್ರೆಯಲ್ಲಿ ತಿಳಿದೆವು. ಸಾರ್ ಆ ಸಿಲಿಂಡರಿನ ಒತ್ತಡ ನೋಡಿದ್ದರು, ಸೋರಿಕೆ ನೋಡಿದ್ದರು, ಬಡಿದು ಕೇಳಿದ್ದರು, ಮೂಗಿಟ್ಟು ನೋಡಿದ್ದರು. ಒಳಗಿದ್ದದ್ದು ಏನು ಎಂದು ನೋಡುವುದು ನಮ್ಮ ಶೆಡ್ಡಿನಲ್ಲಿ ಯಾವತ್ತೂ ಯಾರ ಕೆಲಸವೂ ಆಗಿರಲಿಲ್ಲ.

ಭಾನುವಾರ ಎರಡು ಸಿಲಿಂಡರುಗಳಲ್ಲಿ ಜನರೇಟರ್ ಹಾಕಿ ತುಂಬಿದ್ದನ್ನು ಸಾರ್ ತಾವೇ ತೆಗೆದುಕೊಂಡರು. ಆಕಸ್ಮಿಕವಲ್ಲ. "ಇದು ನಿನ್ನೆ ತುಂಬಿದ್ದು, ನಾನ ಹಾಕ್ಕೋತೇನಿ" ಎಂದದ್ದನ್ನು ಕೇಳಿದ್ದೇನೆ. ಹೊಸದು ಬಂದರೆ ತಾವು ಹತ್ತಿರ ನಿಲ್ಲುವ ಅಭ್ಯಾಸ. ಅವರು ಅಂದು ಹಾಗೆ ಮಾಡದಿದ್ದರೆ ಅದನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದವರು ಫ್ರಾನ್ಸಿಸ್. ಆಗ ಅವರನ್ನು ಮೇಲೆ ತರಬಲ್ಲವರು ಯಾರೂ ಇರಲಿಲ್ಲ.

ಫ್ರಾನ್ಸಿಸ್ ಮತ್ತು ಅಂದು ಸಾಮಾನು ಹೊರಲು ಜೊತೆಗೆ ಬಂದಿದ್ದ ಮುನಿರಾಜು ಸೇರಿ ಅವರನ್ನು ಬಂಡೆಯ ಮೇಲೆ ಎಳೆದುಕೊಂಡರು. ನಾನೂ ಕೈಹಾಕಿದೆ ಎಂದು ಫ್ರಾನ್ಸಿಸ್ ಆಮೇಲೆ ಹೇಳಿದರು, ನನಗೆ ನೆನಪಿಲ್ಲ. ಫ್ರಾನ್ಸಿಸ್ ಬಾಯಿಗೆ ಬಾಯಿಟ್ಟು ಊದಿದರು. ಅವಲಕ್ಕಿಯ ಡಬ್ಬಿ ಹಿಡಿದು ನೆರಳಿನಲ್ಲಿ ಕೂತಿದ್ದ ಗಿರಿಜಕ್ಕ ಬಂದು ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಹೋದರು. ಬೇಡ, ನೆಲದ ಮೇಲೇ ಇರಲಿ ಎಂದರು ಫ್ರಾನ್ಸಿಸ್. ಆಕೆ ಅಳಲಿಲ್ಲ. ಕೊರಳಿನ ಸ್ಟೀಲಿನ ಡಬ್ಬಿಯನ್ನು ತಿರುಗಿಸಿ ತೆರೆದು ನೋಡಿದರು. ಒಳಗೆ ಒಂದು ಹನಿ ನೀರಿರಲಿಲ್ಲ. ಮತ್ತೆ ಮುಚ್ಚಿದರು.

ಅವರು ಕೆಮ್ಮಿದಾಗ ನನ್ನ ಗಡಿಯಾರದಲ್ಲಿ ಹತ್ತೂ ಇಪ್ಪತ್ತಾರು.

ಫ್ರಾನ್ಸಿಸ್‌ರ ವ್ಯಾನಿನಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನ ಆಮ್ಲಜನಕ ಕೊಟ್ಟರು. ಮೂರನೆಯ ದಿನ ನಾನು ಹೋದಾಗ ಮಂಚದಿಂದ ಕೈ ಚಾಚಿ ಪಕ್ಕದ ಸಿಲಿಂಡರಿನ ಕತ್ತನ್ನು ತಡವುತ್ತಿದ್ದರು. "ನೋಡ್ರಿ, ನಂದ ಗುರುತು" ಎಂದರು. ಬಗ್ಗಿ ನೋಡಿದೆ. ಹೌದು, ಅವರದೇ ಅಚ್ಚು.

ಸಾರ್ ಮತ್ತೆ ಕೆಲಸಕ್ಕೆ ಬಂದ ದಿನ ತಿಳಿಯಿತು, ಮಾಲೀಕರು ಮುನಿರಾಜುವಿನಿಂದ ಲಿಖಿತ ವಿವರಣೆ ಕೇಳಿದ್ದರು. ಅವನು ತಪ್ಪು ತನ್ನದು ಎಂದೇ ಬರೆದುಕೊಟ್ಟಿದ್ದ. ಸಾರ್ ಆ ಕಾಗದ ತರಿಸಿ, ಅದರ ಮೇಲೆ ಒಂದು ಗೆರೆ ಹೊಡೆದು, ಕೆಳಗೆ ಬರೆದರು: ಪೈಪು ಹಾಗೇ ಇರಲಿ ಎಂದು ಹೇಳಿದವನು ನಾನು. ಸಹಿ. ಮಾಲೀಕರು ಅವರ ಒಂದು ಬಡ್ತಿ ತಡೆಹಿಡಿದರು. ಮುನಿರಾಜುವಿನ ಕೆಲಸ ಉಳಿಯಿತು.

ಇನ್ನು ಉಳಿದದ್ದು ಹಡಗಿನವರ ಫಾರಂ. ಡಿಸೆಂಬರಿನಲ್ಲಿ ಬಂತು. ಮುಳುಗುವವರ ಆರೋಗ್ಯದ ಬಗ್ಗೆ ಎರಡು ಪುಟ ಪ್ರಶ್ನೆಗಳು. ಅದರಲ್ಲೊಂದು, ನೀರಿನೊಳಗೆ ಯಾವತ್ತಾದರೂ ಪ್ರಜ್ಞೆ ತಪ್ಪಿದ್ದುಂಟೇ? ಹೌದು ಎಂದರೆ ಹಡಗಿನಲ್ಲಿ ಮುಳುಗಲು ಬಿಡುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಡಾಕ್ಟರು ಹೃದಯಕ್ಕೂ ಸ್ವಲ್ಪ ಪೆಟ್ಟಾಗಿದೆ ಎಂದಿದ್ದರು. ಆ ಒಂದು ಉತ್ತರದ ಮೇಲೆ ಆರು ವರ್ಷ ನಿಂತಿತ್ತು.

ದಾಸರಹಳ್ಳಿಯ ಅವರ ಮನೆಯಲ್ಲಿ, ಬೆಳಿಗ್ಗೆ, ಕಿಟಕಿಯ ಪಕ್ಕದ ಮೇಜು. ಫಾರಂ ತುಂಬಿದವನು ನಾನು. ಆ ಪ್ರಶ್ನೆಯ ಮುಂದೆ ಇಲ್ಲ ಎಂದು ಬರೆದವನೂ ನಾನೇ. ಯಾರೂ ಹೇಳಿಕೊಟ್ಟಿರಲಿಲ್ಲ. ಬರೆದು ಅವರ ಮುಂದಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಓದತೊಡಗಿದರು.

"ಓದುದೆಂತ ಮಾರಾಯ್ರೆ, ಸಹಿ ಹಾಕಿ" ಎಂದರು ಫ್ರಾನ್ಸಿಸ್. "ಕಂಡದ್ದು ನಾವು ನಾಲ್ಕು ಜನ. ನಾಲ್ಕೂ ಜನ ಬಾಯಿ ಬಿಡುದಿಲ್ಲ. ನಾನು ನಿಮ್ಮ ಪಕ್ಕದಲ್ಲೇ ಇರ್ತೇನೆ, ಹೆಚ್ಚು ಆಳ ಹೋಗುದು ಬೇಡ."

ಗಿರಿಜಕ್ಕ ಚಹಾ ತಂದಿಟ್ಟರು. ಆಕೆ ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. "ಹಾಕ್ರಿ ಸಹಿ" ಎಂದರು. "ನಿದ್ದಿಗಣ್ಣಾಗೂ ಅದ ಮಾತು ನಿಮ್ದು. ಹೋಗಿ ನೋಡಿ ಬರ್ರಿ ಅತ್ಲಾಗ."

ಅವರು ಆ ಸಾಲಿನವರೆಗೆ ಬಂದು ನಿಂತರು. ನನ್ನ ಕಡೆ ನೋಡಲಿಲ್ಲ. ಪೆನ್ನು ಕೇಳಿದರು, ಕೊಟ್ಟೆ. ಇಲ್ಲ ಎಂಬುದರ ಮೇಲೆ ಒಂದೇ ಗೆರೆ ಎಳೆದರು. ಪಕ್ಕದಲ್ಲಿ ಹೌದು ಎಂದು ಬರೆದು ಸಣ್ಣ ಸಹಿ ಹಾಕಿದರು.

"ಎಂಥ ಹಟ ನಿಮ್ದು!" ಎಂದರು ಫ್ರಾನ್ಸಿಸ್. ದನಿ ಏರಿತ್ತು. "ಯಾರಿಗೆ ನಷ್ಟ ಇದರಿಂದ?"

"ನನಗ ಅಲ್ಲಿ ಮತ್ತ ಏನರ ಆತು ಅಂತ ತಿಳ್ಕೋರಿ. ಈ ಕಾಗದ ನೋಡತಾರ. ಇವಗ ಮೊದಲ ಏನೂ ಆಗಿರಲಿಲ್ಲ, ಅಂದ್ರ ನಮ್ಮ ಗಾಳಿಯೊಳಗ ದೋಷ ಐತಿ ಅಂತಾರ. ಹಡಗಿನ ಕಂಪ್ರೆಸರ್ ಬಿಚ್ಚತಾರ. ಅದನ್ನ ನೋಡಿಕೊಳ್ಳಾಂವನ್ನ ನಿಲ್ಲಿಸಿ ಕೇಳತಾರ." ಕನ್ನಡಕ ತೆಗೆದು ಮಡಿಸಿದರು. "ಅಲ್ಲೂ ಒಬ್ಬ ಮುನಿರಾಜು ಇರತಾನಲ್ರಿ."

ಫ್ರಾನ್ಸಿಸ್ ಎದ್ದು ಹೊರಗೆ ಹೋಗಿ ಸಿಗರೇಟು ಹಚ್ಚಿದರು. ನಾನು ಚಹಾ ಕುಡಿದೆ. ಅದು ಆರಿತ್ತು.

ಹತ್ತು ದಿನಕ್ಕೆ ಫ್ಯಾಕ್ಸ್ ಬಂತು. ಅವರನ್ನು ನೀರಿಗಿಳಿಸಲಾಗುವುದಿಲ್ಲ ಎಂದು ವಿನಯವಾಗಿ ಬರೆದಿದ್ದರು. ಸಾರ್ ಅದನ್ನೂ ಝೆರಾಕ್ಸ್ ಮಾಡಿಸಿದರು. ನಾವಿಬ್ಬರೂ ಹೋಗಲೇಬೇಕೆಂದು ಅವರದೇ ಹಟ. ಫೆಬ್ರವರಿಯಲ್ಲಿ ಹೋದೆವು. ಅವರ ಪಟ್ಟಿ, ಅವರ ರೊಟ್ಟಿ. ನಾನು ಕಂಡ ಹವಳವನ್ನು ಇಲ್ಲಿ ವರ್ಣಿಸುವುದಿಲ್ಲ. ಆ ಬೇಸಿಗೆಯಲ್ಲೇ ಸಮುದ್ರ ಕಾದು ಆ ಕಡೆಯ ಹವಳವೆಲ್ಲ ಬೆಳ್ಳಗಾಗಿ ಬಹುಪಾಲು ಸತ್ತಿತೆಂದು ಆಮೇಲೆ ಪೇಪರಿನಲ್ಲಿ ಬಂತು. ಸಾರ್ ಪೇಪರಿನ ಆ ತುಂಡನ್ನು ಕತ್ತರಿಸಿ ತಂದು ನನ್ನ ಮೇಜಿನ ಮೇಲಿಟ್ಟು ಹೋದರು.

ಹಡಗಿನಿಂದ ವಾಪಸ್ ಬಂದು ಫೋಟೋಗಳನ್ನು ತೊಳೆಸಿದ ಮೇಲೆ ಅವನ್ನು ಅವರ ಮುಂದೆ ಹರಡಿದ್ದೆ. ಒಂದೊಂದನ್ನೂ ನಿಧಾನವಾಗಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಹಡಗಿನ್ಯಾಗ ಕಂಪ್ರೆಸರಿಗೆ ಗಾಳಿ ಎಳಕೊಳ್ಳೋ ಪೈಪು ಎಲ್ಲಿತ್ರಿ?"

ಅದೃಷ್ಟವಶಾತ್ ನೋಡಿಕೊಂಡಿದ್ದೆ. ಎಂಜಿನ್ನಿನ ಹೊಗೆಗೆ ಎದುರುದಿಕ್ಕಿನಲ್ಲಿ, ಕಂಬಕ್ಕೆ ಕಟ್ಟಿ, ಎಲ್ಲಕ್ಕಿಂತ ಮೇಲೆ. ಕಾಗದದ ಮೇಲೆ ಗೀಚಿ ತೋರಿಸಿದೆ. ಅವರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಮರುವಾರ ನಮ್ಮ ಶೆಡ್ಡಿನ ಪೈಪು ಚಾವಣಿಯ ಮೇಲೇರಿತು.

ಅವರು ಹೆದರಿ ಹಿಂದೆ ಸರಿದರು ಎನ್ನುವವರಿಗೆ ನಾನು ಹೇಳಬೇಕಾದ್ದು ಇಷ್ಟೇ.

ಕ್ವಾರಿಯಲ್ಲಿ ನಡೆದದ್ದನ್ನು ಕಂಡ ನಾಲ್ವರಲ್ಲಿ ಫ್ರಾನ್ಸಿಸ್ ತೀರಿಕೊಂಡು ಎಂಟು ವರ್ಷವಾಯಿತು. ಗಿರಿಜಕ್ಕ ಹಾವೇರಿಯಲ್ಲಿ ಮಗಳ ಜೊತೆ ಇದ್ದಾರೆ. ಕಿವಿ ಮಂದವಾಗಿದೆ, ನೆನಪು ಚೆನ್ನಾಗಿದೆ. ಮುನಿರಾಜು ಅತ್ತಿಬೆಲೆಯಲ್ಲಿದ್ದಾನೆ. ಅವನನ್ನು ಕೇಳಿದರೆ ಇವತ್ತಿಗೂ ತಪ್ಪು ತನ್ನದೇ, ಓಸು ಸಿಗಿಸಿಯೇಬಿಡಬೇಕಿತ್ತು ಎನ್ನುತ್ತಾನೆ. ಅದನ್ನು ನಂಬಬೇಡಿ. ಶನಿವಾರ ಬಾಗಿಲಲ್ಲಿ ನಿಂತು ಅವರಿಬ್ಬರ ಮಾತನ್ನು ಕೇಳಿಸಿಕೊಂಡು ಸುಮ್ಮನೆ ಹೋದವನು ಒಬ್ಬನಿದ್ದ. ಅವನೂ ಬದುಕಿದ್ದಾನೆ.